ನನ್ನ ಹೆಬ್ಬೆಟ್ಟು

ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮನವರಿಗೆ ಚಾಮರಾಜಪೇಟೆಯ ಮಾಧವಿ ಮಾಡುವ ನಮಸ್ಕಾರ.

ಎದುರಿಗೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊಟ್ಟೆಯಲ್ಲಿರುವ ಮಗುವಿಗೆ ಬುದ್ಧಿಮಾಂದ್ಯ ಇರಬಹುದೇ ಎಂದು ನೋಡುವ ರಕ್ತಪರೀಕ್ಷೆ ಬೇಡವೆಂದು ಸೋಮವಾರ ತಲೆಯಾಡಿಸಿದೆ.

"ಬೇಡ ಅನ್ನೋಕೆ ನೀನೇನು ಡಾಕ್ಟ್ರಾ? ಒತ್ತಮ್ಮ, ಹಿಂದೆ ಲೈನಿದೆ" ಎಂದು ನರ್ಸಮ್ಮ ನನ್ನ ಹೆಬ್ಬೆಟ್ಟು ಹಿಡಿದು ಕಾಗದಕ್ಕೆ ಒತ್ತಿಸಿ ರಕ್ತ ತೆಗೆದರು. ನಿನಗೆ ಓದು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕಾಗದದಲ್ಲಿ "ಸ್ವಇಚ್ಛೆಯಿಂದ ಒಪ್ಪಿದ್ದೇನೆ" ಎಂದಿತ್ತು.

ನನ್ನ ಅಕ್ಕ ಸುಬ್ಬಮ್ಮ ಅಂಥವಳೇ. ಬಳೇಪೇಟೆಯ ಅಂಗಡಿಯಲ್ಲಿ ಬಳೆ ಜೋಡಿಸುತ್ತಾಳೆ. ನನ್ನನ್ನು ಎತ್ತಿ ಆಡಿಸಿದವಳು ಅವಳು. ಅವಳಂಥ ಮಗು ಹುಟ್ಟಿದರೂ ನನಗೆ ಬೇಕು.

ಆ ರಕ್ತ ಚೆಲ್ಲಿ. ಆ ಕಾಗದ ಹರಿದು, ಫೈಲಿನಲ್ಲಿ ಈ ಪತ್ರ ಇಡಿ.

ನಾಲ್ಕನೇ ಕ್ಲಾಸು ಓದಿದ್ದೇನೆ, ರುಜು ಹಾಕುತ್ತೇನೆ.

ಮಾಧವಿ