ನಿಮ್ಮ ಸಿಗರೇಟು ಹಚ್ಚಿಕೊಟ್ಟ ಹುಡುಗಿಯ ಸಲುವಾಗಿ

ಗಜೇಂದ್ರಗಡ, ಅಕ್ಟೋಬರ್ ೧೯೫೪

ವ್ಯಸನ ನಿವಾರಣಾ ಪ್ರಚಾರದ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ರೋಣದ ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ಕುಳಿತು ನೀವು ಒಂದು ಸಿಗರೇಟು ಸೇದಿದಿರಿ. ನನ್ನ ದೂರು ಆ ಒಂದು ಸಿಗರೇಟಿನ ಬಗ್ಗೆ. ನಿಮಗೆ ಅದು ನೆನಪಿರಲಿಕ್ಕಿಲ್ಲ. ದಿನಕ್ಕೆ ಎಷ್ಟೋ ಸೇದುವವರು, ಯಾವುದನ್ನೆಂದು ನೆನಪಿಟ್ಟುಕೊಳ್ಳುತ್ತೀರಿ? ಅದನ್ನು ಹಚ್ಚಿಕೊಟ್ಟವಳು ನನ್ನ ತಮ್ಮನ ಮಗಳು, ಒಂಬತ್ತು ವರ್ಷದ ಶಂಕ್ರವ್ವ. ನಾನು ಅವಳ ಸೋದರತ್ತೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವಿಧವೆ. ತಮ್ಮನ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತೇನೆ, ಸಂಜೆ ನೇಕಾರ ಓಣಿಯವರಿಗೆ ಪತ್ರಿಕೆ ಓದಿ ಹೇಳುತ್ತೇನೆ. ಈ ಪತ್ರವನ್ನು ಆ ಪತ್ರಿಕೆಗೇ ಕಳಿಸುತ್ತಿದ್ದೇನೆ; ಸಂಪಾದಕರು ದೊಡ್ಡ ಮನಸ್ಸು ಮಾಡಿ ಅಚ್ಚು ಹಾಕಿದರೆ ಇದನ್ನೂ ನಾನೇ ಅವರೆದುರು ಓದಬೇಕಾಗುತ್ತದೆ.

ನಿಮ್ಮ ಕೆಲಸವನ್ನು ನಾವು ಕಂಡಿಲ್ಲವೆಂದು ತಿಳಿಯಬೇಡಿ. ದಾರೂಬಂದಿ ಬಂದಾಗಿನಿಂದ ಸಂತೆಯಲ್ಲಿ ಯಾವನಾದರೂ ಸ್ವಲ್ಪ ತೂರಾಡಿದರೆ ಸಾಕು, ಅವನ ಬಾಯಿ ಮೂಸಿ ನೋಡಲು ಪೋಲೀಸರು ಓಡಿ ಬರುತ್ತಾರೆ. ನೀವಾದರೋ ಬಿಳಿಯ ಪರದೆ ಕಟ್ಟಿ, ದೀಪದ ಯಂತ್ರ ಹಚ್ಚಿ, ಕುಡುಕ ಗಂಡ ಹೆಂಡತಿಯನ್ನು ಹೊಡೆಯುವ ಚಿತ್ರ ತೋರಿಸುತ್ತೀರಿ. ಬಹಳ ಒಳ್ಳೆಯ ಚಿತ್ರ. ಅದನ್ನು ನೋಡುತ್ತ ನಮ್ಮ ಗಂಡಸರು ಎಷ್ಟು ಬೀಡಿ ಸೇದುತ್ತಾರೆಂದರೆ ಆ ಹೊಗೆಯಲ್ಲಿ ಹೊಡೆಯುವವನು ಯಾರು, ಹೊಡೆಸಿಕೊಳ್ಳುವವಳು ಯಾರು ಎಂಬುದೇ ಕಾಣುವುದಿಲ್ಲ. ನಮ್ಮೂರಿಗೆ ಬಂದಾಗ ಆ ಹೊಗೆಯ ನಡುವೆ ನಿಂತು ನೀವು ವ್ಯಸನದ ಮೇಲೆ ಒಂದು ತಾಸು ಮಾತಾಡಿದಿರಿ, ತಂಬಾಕಿನ ಹೆಸರು ಒಮ್ಮೆಯೂ ಎತ್ತಲಿಲ್ಲ. ಬೀಡಿ ವ್ಯಸನವಲ್ಲವೇ? ಗಂಡಸಿಗೆ ಅಲ್ಲವೆನ್ನಿ, ಹನ್ನೆರಡು ವರ್ಷದ ಹುಡುಗಿಗೂ ಅಲ್ಲವೇ? ಮೂಸಿ ನೋಡಬೇಕಾಗಿದ್ದ ಒಂದು ಪುಟ್ಟ ಬಾಯಿ ನಮ್ಮ ಮನೆಯಲ್ಲಿತ್ತು. ನಾವು ಯಾರೂ ಮೂಸಲಿಲ್ಲ, ಈಗ ಮೂಸೋಣವೆಂದರೆ ಅದಿಲ್ಲ.

ಅವಳ ಹೆಸರು ನೀಲವ್ವ, ಶಂಕ್ರವ್ವನ ಅಕ್ಕ. ಅವಳ ಕತೆ ತಿಳಿಯಬೇಕಾದರೆ ನಮ್ಮ ಕಸುಬಿನ ಒಂದು ರೀತಿ ನಿಮಗೆ ಗೊತ್ತಿರಬೇಕು. ನಮ್ಮದು ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗ. ನೇಯುವವನ ಕಾಲು ಕುಣಿಯೊಳಗೆ, ಕೈ ಲಾಳಿಯ ಮೇಲೆ. ಸುತ್ತ ಎಲ್ಲಿ ನೋಡಿದರೂ ನೂಲು, ಹತ್ತಿ, ಬಟ್ಟೆ. ಆದ್ದರಿಂದ ಮಗ್ಗದ ಮನೆಯಲ್ಲಿ ಕಡ್ಡಿ ಗೀರಬಾರದು, ಉರಿಯುವುದನ್ನು ಯಾವುದನ್ನೂ ಕೆಳಗಿಡಬಾರದು ಎಂಬುದು ಹಿರಿಯರ ಕಟ್ಟಪ್ಪಣೆ. ಇದನ್ನು ಮುರಿದವರು ನಮ್ಮ ಓಣಿಯಲ್ಲಿ ಇಲ್ಲ. ಹಾಗಾದರೆ ಬೀಡಿ ಬೇಕೆನಿಸಿದಾಗ? ಅದಕ್ಕೂ ಹಿರಿಯರೇ ಉಪಾಯ ಮಾಡಿಟ್ಟಿದ್ದರು. ಕುಣಿಯಿಂದ ಒಂದು ಕೂಗು: "ತಂಗೀ, ಬೆಂಕಿ ತಾರವ್ವಾ!" ಮಗು ಬೀಡಿ ತೆಗೆದುಕೊಂಡು ಅಡುಗೆಮನೆಗೆ ಓಡುತ್ತದೆ, ಒಲೆಯ ಕೆಂಡಕ್ಕೆ ಹಚ್ಚುತ್ತದೆ, ದಾರಿಯಲ್ಲಿ ಆರಬಾರದೆಂದು ತಾನೇ ಎರಡು ಜುರಕಿ ಎಳೆಯುತ್ತದೆ. ಬಂದು ಅಪ್ಪನ ಎಡಮಗ್ಗುಲಿಗೆ ನಿಂತು ಅವನ ತುಟಿಗೆ ಹಿಡಿಯುತ್ತದೆ. ಅಪ್ಪ ಮುಖ ತಿರುಗಿಸಿ ಸೇದುತ್ತಾನೆ, ಮತ್ತೆ ನೇಯುತ್ತಾನೆ, ಮತ್ತೆ ಮುಖ ತಿರುಗಿಸುತ್ತಾನೆ. ಮುಗಿಯುವ ತನಕ ಮಗು ಅಲ್ಲಿಯೇ ನಿಂತಿರಬೇಕು, ಕೊನೆಯ ತುಂಡನ್ನು ಹೊರಗೆ ಒಯ್ದು ಚೆಲ್ಲಬೇಕು. ನೂಲಿಗೆ ಬೆಂಕಿ ಬೀಳಬಾರದೆಂದು ನಾವು ಬೆಂಕಿಯನ್ನು ಮಕ್ಕಳ ಕೈಗೆ ಕೊಟ್ಟೆವು. ಇಷ್ಟು ಬುದ್ಧಿವಂತ ಜನ ನಿಮಗೆ ಬೇರೆಲ್ಲಾದರೂ ಸಿಕ್ಕಿದ್ದಾರೆಯೇ?

ನನ್ನ ತಮ್ಮ ಮಹಾದೇವಪ್ಪ ಮಾತು ಕಡಿಮೆಯ ಮನುಷ್ಯ. ಮಗಳ ಜೊತೆ ನಾಲ್ಕು ಮಾತಾಡುತ್ತಿದ್ದನೆಂದರೆ ಆ ಬೀಡಿ ಉರಿಯುವಷ್ಟು ಹೊತ್ತು ಮಾತ್ರ. ಸಾಲಿಯಲ್ಲಿ ಏನು ಕಲಿಸಿದರು, ಯಾರ ಜೊತೆ ಜಗಳಾಡಿದೆ ಎಂದು ಕೇಳುತ್ತಿದ್ದ, ಅವಳು ನಗುತ್ತ ಹೇಳುತ್ತಿದ್ದಳು. ನಾನು ರಾಟಿಯ ಮುಂದೆ ಕುಳಿತು ಎಲ್ಲ ಕೇಳುತ್ತಿದ್ದೆ. ಖರೇ ಹೇಳುತ್ತೇನೆ, ಅದನ್ನು ನೋಡಿ ನನಗೆ ಸಂತೋಷವಾಗುತ್ತಿತ್ತು. ಶಂಕ್ರವ್ವ ಎಂದಾದರೂ ಬೀಡಿಗೆ ಕೈ ಚಾಚಿದರೆ ನೀಲವ್ವ ಅವಳ ಕೈ ತಳ್ಳುತ್ತಿದ್ದಳು: "ನಮ್ಮಪ್ಪಗ ನಾನ ಕೊಡಾಕಿ. ನೀ ಇನ್ನೂ ಸಣ್ಣಾಕಿ, ದೂರ ಸರಿ!" ಆ ಎರಡು ಜುರಕಿ ಯಾವಾಗ ಮೂರಾದವು, ಅಪ್ಪ ಬಿಟ್ಟ ತುಂಡನ್ನು ಅವಳು ಯಾವಾಗ ಚೆಲ್ಲದೆ ಇಟ್ಟುಕೊಳ್ಳತೊಡಗಿದಳು, ನಮಗೆ ಗೊತ್ತಾಗಲಿಲ್ಲ. ಬೀಡಿ ತರುವ ಹುಡುಗಿಯ ಮೈಯಿಂದ ಬೀಡಿಯ ವಾಸನೆ ಬರುವುದು ಸಹಜವೆಂದು ನಾವೆಲ್ಲ ತಿಳಿದುಕೊಂಡಿದ್ದೆವು.

ಹೋದ ವರ್ಷ ಬೇಸಗೆಯ ಒಂದು ಮಧ್ಯಾಹ್ನ ಅವಳು ನೂಲಿಡುವ ಕೋಣೆಯಲ್ಲಿ ಒಬ್ಬಳೇ ಕುಳಿತು ಸೇದುತ್ತಿದ್ದಳು. ನಮ್ಮ ತಾಯಿ ಮುದುಕವ್ವ ಏನನ್ನೋ ಹುಡುಕುತ್ತ ಒಳಗೆ ಹೋದಳು. ಹುಡುಗಿ ಹೆದರಿ ಉರಿಯುವ ಬೀಡಿಯನ್ನು ಉಟ್ಟಿದ್ದ ಪರಕಾರದ ನೆರಿಗೆಯೊಳಗೆ ಮುಚ್ಚಿಕೊಂಡು ಎದ್ದು ನಿಂತಳು. "ಯಾಕವ್ವಾ, ಇಲ್ಲ್ಯಾಕ ನಿಂತಿ?" ಎಂದು ಅಜ್ಜಿ ಕೇಳಿದರೆ "ಏನಿಲ್ಲ ಅಮ್ಮಾ, ಕಂಡಿಕಿ ತೊಗೋಳಾಕ ಬಂದೀನಿ" ಅಂದಳಂತೆ. ಅರಿವೆ ಸುಡುತ್ತಿದೆ, ಅದರೊಳಗೆ ಮೈ ಸುಡುತ್ತಿದೆ, ಹುಡುಗಿ ಅಲುಗದೆ ನಿಂತು ಅಜ್ಜಿ ಹೊರಗೆ ಹೋಗುವ ದಾರಿ ಕಾಯುತ್ತಿದ್ದಾಳೆ. ಮುದುಕಿಗೆ ಕಣ್ಣು ಮಂಜು, ಆಕೆ ನಿಧಾನವಾಗಿ ಹುಡುಕಿದಳು. ಆಕೆ ಹೊರಬಿದ್ದ ಮೇಲೆಯೇ ನಮಗೆ ಕೂಗು ಕೇಳಿಸಿದ್ದು. ಚಕ್ಕಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದೆವು. ಡಾಕ್ಟರರು ಕೈಲಾದದ್ದನ್ನೆಲ್ಲ ಮಾಡಿದರು. ಅವಳು ಹೋಗುವ ಮೊದಲು ನನ್ನನ್ನು ಹತ್ತಿರ ಕರೆದು ಹೇಳಿದಳು: "ಅತ್ತೀ, ನಾ ಸೇದ್ತಿದ್ದೆ ಅಂತ ಅಪ್ಪಗ ಹೇಳಬ್ಯಾಡ. ಅಂವ ನನ್ನ ಕೈಲೆ ಮತ್ತ ಬೀಡಿ ತೊಗೋಳಂಗಿಲ್ಲ."

ನಾನು ಹೇಳಲಿಲ್ಲ. ಒಲೆಯ ಕಿಡಿ ಅರಿವೆಗೆ ಹತ್ತಿದ್ದು ಅವಳಿಗೆ ತಿಳಿದಿರಲಿಲ್ಲ ಎಂದೆ, ಮನೆಯೂ ಓಣಿಯೂ ನಂಬಿದವು. ಆದರೆ ನಾನು ಬಾಯಿ ಮುಚ್ಚಿಕೊಂಡರೇನು, ಮನೆ ಸುಮ್ಮನಿರಬೇಕಲ್ಲ! ದೀಪಾವಳಿಗೆ ಸುಣ್ಣ ಹಚ್ಚಲು ನಿಂತ ನಮ್ಮ ಹನುಮವ್ವನಿಗೆ, ಅಂದರೆ ಹುಡುಗಿಯರ ತಾಯಿಗೆ, ಗೋಡೆಯಲ್ಲಿನ ದೀಪದ ಮಾಡಿನ ಮೂಲೆಯಲ್ಲಿ ಒಂದು ಬೀಡಿ ತುಂಡು ಸಿಕ್ಕಿತು. ಆಮೇಲೆ ಜಂತಿಯ ಸಂದಿಯಲ್ಲಿ, ಆಮೇಲೆ ಕಂಡಿಕೆಯ ಬುಟ್ಟಿಯ ತಳದಲ್ಲಿ, ನೀಲವ್ವ ಹೊದೆಯುತ್ತಿದ್ದ ಕೌದಿಯ ಹೊಲಿಗೆ ಬಿಚ್ಚಿದ ಕಡೆ. ಎಲ್ಲವೂ ಅಪ್ಪ ಅರ್ಧ ಸೇದಿ ಬಿಟ್ಟವು, ಹಲ್ಲಿನ ಗುರುತು ಇದ್ದವು. ಆಗ ಮಹಾದೇವಪ್ಪನಿಗೆ ತಾನಾಗಿಯೇ ತಿಳಿಯಿತು. ಅವನು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ, ಬೀಡಿ ಮುಟ್ಟುವುದನ್ನು ಬಿಟ್ಟ. ಹಾಗಂತ ಅದು ಅವನನ್ನು ಬಿಟ್ಟಿತೇ? ನೇಯುತ್ತ ನೇಯುತ್ತ ಅವನ ಮುಖ ತಾನೇ ಎಡಕ್ಕೆ ತಿರುಗುತ್ತಿತ್ತು, ತುಟಿ ತೆರೆಯುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಮತ್ತೆ ಲಾಳಿ ಹೊಡೆಯುತ್ತಿದ್ದ. ನಮ್ಮ ತಾಯಿಯಂತೂ ನೂಲಿನ ಕೋಣೆಯ ಹೊಸ್ತಿಲು ಬಿಟ್ಟು ಏಳುವುದಿಲ್ಲ. "ಅರಿವಿ ಸುಟ್ಟ ವಾಸನಿ ಬರಾಕತ್ತೈತಿ, ಯಾರರ ಒಳಗ ಹೋಗಿ ನೋಡ್ರೋ" ಎಂದು ಹಗಲೆಲ್ಲ ಕೂಗುತ್ತಾಳೆ. ನಾವು ಹೋಗಿ ನೋಡಿ ಬರುತ್ತೇವೆ. ಏನೂ ಇಲ್ಲವೆಂದು ಗೊತ್ತಿದ್ದೂ ಪ್ರತಿ ಸಲ ನೋಡಿ ಬರುತ್ತೇವೆ, ಮತ್ತು ಒಳಗೆ ಕಾಲಿಟ್ಟಾಗ ನನಗೂ ಆ ವಾಸನೆ ಬರುತ್ತದೆ.

ಆ ತುಂಡುಗಳು ಸಿಕ್ಕ ಮೇಲೆ ನಾನು ಓಣಿಯ ಮಕ್ಕಳನ್ನು ನಮ್ಮ ಕಟ್ಟೆಗೆ ಕರೆದು ಕೇಳಿದೆ: ಬೆಂಕಿ ತರುವಾಗ ಯಾರು ಯಾರು ಒಂದೆರಡು ಜುರಕಿ ಹೆಚ್ಚಿಗೆ ಎಳೆದಿದ್ದೀರಿ? ಎಲ್ಲವೂ ತಲೆ ತಗ್ಗಿಸಿದವು. ತಲೆ ಎತ್ತಿಕೊಂಡು ಕೂತಿದ್ದವು ಒಲೆಯ ಹತ್ತಿರ ಇನ್ನೂ ಬಿಡದಂಥ ಕೂಸುಗಳು ಮಾತ್ರ. ಆ ವಾರವೇ ಓಣಿಯ ಹಿರಿಯರು ಕೂಡಿದರು. ಯಾವ ಮಗುವಿನ ಕೈಯಲ್ಲೂ ಬೀಡಿ ತರಿಸಬಾರದು, ಹಚ್ಚಿಸಬಾರದು. ಸೇದುವವನು ತಾನೇ ಕುಣಿಯಿಂದೆದ್ದು ಓಣಿಯ ತುದಿಯ ಬೇವಿನ ಗಿಡದ ಹತ್ತಿರ ಹೋಗಬೇಕು. ಮಗು ಅಪ್ಪನ ಬಳಿ ಬರುವುದಾದರೆ ನೀರಿನ ತಂಬಿಗೆ ಹಿಡಿದು ಬರಲಿ, ನಾಲ್ಕು ಮಾತಾಡಿ ಹೋಗಲಿ. ಎಲ್ಲರಿಗಿಂತ ಹಿರಿಯ ನೇಕಾರ ತೋಟಪ್ಪಕಾಕಾ ಸಿಟ್ಟಾದ. "ಒಂದ ಬೀಡಿ ಸಲುವಾಗಿ ಕುಣಿ ಹತ್ತಿ ಇಳಿಯೂದಂದ್ರ ನನ್ನ ಮೊಳಕಾಲ ಏನಾಗಬೇಕೋ?" ಮಹಾದೇವಪ್ಪ ಅಂದು ಆಡಿದ್ದು ಒಂದೇ ಮಾತು: "ಕಾಕಾ, ನಿನ್ನ ಮೊಳಕಾಲ ನೋಯತೈತಿ. ನನ್ನ ಮಗಳು ಸುಟ್ಟಳು." ಕಟ್ಟುಪಾಡು ಅಂದೇ ಆಯಿತು. ಬಸ್ ಸ್ಟ್ಯಾಂಡಿನಲ್ಲಿ ಬೀಡಿ ಮಾರಿ ಹೊಟ್ಟೆ ಹೊರೆಯುವ ರಮಜಾನಬಿಗೂ ಸುದ್ದಿ ಮುಟ್ಟಿತು. ಯಾರೂ ಕೇಳಿರಲಿಲ್ಲ, ಆಕೆಯೇ ಓಣಿಗೆ ಬಂದು ಹೇಳಿದಳು: "ಇನ್ನ ಮ್ಯಾಲ ಪೋರಗೋಳ ಕೈಯಾಗ ಒಂದ ಬೀಡಿನೂ ಕೊಡಂಗಿಲ್ರಿ. ಬೇಕಂದ್ರ ಅವರಪ್ಪನ ಬಂದ ಒಯ್ಲಿ." ಹೆಂಗಸರು ಮಕ್ಕಳ ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕುವುದನ್ನು ಬಿಟ್ಟರು. ವರ್ಷ ತುಂಬುವುದರೊಳಗೆ ಓಣಿಯಲ್ಲಿ "ಬೆಂಕಿ ತಾ" ಎಂಬ ಕೂಗು ನಿಂತುಹೋಯಿತು. ಸವಡಿ, ಮುಶಿಗೇರಿಯಿಂದ ಸಂತೆಗೆ ಬಂದವರೂ ಹೆಂಗೆ ಮಾಡಿದಿರಿ ಎಂದು ಕೇಳಿ ಹೋದರು. ಸರಕಾರ ಇದರಲ್ಲಿ ಏನೂ ಮಾಡಿರಲಿಲ್ಲ, ಆದ್ದರಿಂದ ಎಲ್ಲ ಸುಸೂತ್ರವಾಗಿ ನಡೆದಿತ್ತು.

ನಮ್ಮ ದುರ್ಬುದ್ಧಿ, ನಿಮ್ಮನ್ನು ನೆನೆದೆವು. ಊರೂರು ತಿರುಗುವ ಸಾಹೇಬರು, ನಿಮ್ಮ ಭಾಷಣದಲ್ಲಿ ಈ ಕಟ್ಟುಪಾಡಿನ ಬಗ್ಗೆ ಎರಡು ಮಾತು ಸೇರಿಸಿದರೆ ಎಷ್ಟೋ ಮನೆಯ ಮಕ್ಕಳು ಉಳಿಯುತ್ತಾರೆಂದು ಕೇಳಲು ರೋಣಕ್ಕೆ ಬಂದೆವು. ನಾನು, ಮಹಾದೇವಪ್ಪ, ತೋಟಪ್ಪಕಾಕಾ, ರಮಜಾನಬಿ. ಮನೆಯಲ್ಲಿ ಬಿಟ್ಟರೆ ಅಳುತ್ತಾಳೆಂದು ಶಂಕ್ರವ್ವನನ್ನೂ ಕರೆತಂದಿದ್ದೆವು. ನೀವು ಕುರ್ಚಿ ಹಾಕಿಸಿದಿರಿ, ಚಹಾ ತರಿಸಿದಿರಿ, ನೀಲವ್ವನ ಕತೆ ಕೇಳಿ "ಅರೆರೇ, ಭಾಳ ಕೆಟ್ಟಾತು ನೋಡ್ರಿ" ಎಂದಿರಿ. ನಿಮ್ಮ ಮುಖದಲ್ಲಿ ಮರುಕವಿತ್ತು, ಸುಳ್ಳು ಹೇಳಲಾರೆ. ಮರುಕಪಡುತ್ತಲೇ ಸಿಗರೇಟು ತೆಗೆದಿರಿ. ಕಡ್ಡಿಪೆಟ್ಟಿಗೆ ಖಾಲಿಯಾಗಿತ್ತು. ಸುತ್ತ ನೋಡಿದಿರಿ. "ಏ ಹುಡುಗಿ, ಒಳಗ ಒಲಿ ಐತಿ. ಲಗೂನ ಇದನ್ನ ಹಚ್ಚಿಕೊಂಡ ಬಾ ನೋಡೋಣ" ಎಂದಿರಿ.

ನಾವು ನಾಲ್ಕು ಜನ ದೊಡ್ಡವರು ಕುಳಿತಿದ್ದೆವು. ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ಸಾಹೇಬರ ಮಾತಿಗೆ ಬೇಡವೆನ್ನುವುದು ಹೇಗೆಂದು ನಮಗೆ ಯಾರೂ ಕಲಿಸಿಲ್ಲ, ಹುಡುಗಿಗಂತೂ ಮೊದಲೇ ಕಲಿಸಿಲ್ಲ. ಅವಳು ಓಡಿದಳು. ಅಡುಗೆಮನೆಯ ಬಾಗಿಲು ಪಡಸಾಲೆಗೆ ಎದುರಾಗಿತ್ತು, ನನಗೆ ಎಲ್ಲ ಕಾಣುತ್ತಿತ್ತು. ಕೆಂಡಕ್ಕೆ ಹಚ್ಚಿದಳು. ದಾರಿಯಲ್ಲಿ ಆರಬಾರದೆಂದು ಎರಡು ಜುರಕಿ ಎಳೆದಳು. ಅದನ್ನು ಅವಳಿಗೆ ಹೇಳಿಕೊಟ್ಟವರಿಲ್ಲ, ಅಕ್ಕ ಮಾಡುವುದನ್ನು ನೋಡಿದ್ದಳು ಅಷ್ಟೆ. ಬಂದು ನಿಮ್ಮ ಎಡಮಗ್ಗುಲಿಗೆ ನಿಂತಳು, ನೀವು ಕೈ ಚಾಚಿದರೆ ಕೈಗೆ ಕೊಡದೆ ನೇರ ನಿಮ್ಮ ತುಟಿಗೆ ಹಿಡಿದಳು. ನೀವು ನಕ್ಕು ಅವಳ ಬೆನ್ನು ತಟ್ಟಿದಿರಿ: "ಭಾಳ ಶಾಣ್ಯಾಕಿ ಇದ್ದಾಳ್ರೀ ಹುಡುಗಿ!" ನನ್ನ ತಮ್ಮ ಎದ್ದು ಹೊರಗೆ ಹೋದದ್ದನ್ನು ನೀವು ನೋಡಲಿಲ್ಲ. ಅವನು ಬಸ್ಸಿಗೂ ಕಾಯದೆ ರೋಣದಿಂದ ಗಜೇಂದ್ರಗಡದ ತನಕ ನಡೆದುಕೊಂಡೇ ಬಂದ. ಅಂದಿನಿಂದ ಮಗ್ಗಕ್ಕೆ ಇಳಿದಿಲ್ಲ. ಕುಣಿಯ ದಂಡೆಯಲ್ಲಿ ಕುಳಿತು ಒಳಗೆ ನೋಡುತ್ತಾನೆ. ಕರೆದರೆ ಊಟಕ್ಕೆ ಬರುತ್ತಾನೆ, ಇಲ್ಲದಿದ್ದರೆ ಇಲ್ಲ.

ಓಣಿಯ ಗತಿಯನ್ನೂ ಕೇಳಿ. ನಾವು ಊರು ಮುಟ್ಟಿದ ಮಾರನೆಯ ದಿನವೇ ತೋಟಪ್ಪಕಾಕಾ ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿದ: "ವ್ಯಸನ ಬಿಡಸೂ ಸಾಹೇಬ್ರು ಖುದ್ದ ಸಣ್ಣ ಹುಡುಗಿ ಕೈಲೆ ಹಚ್ಚಿಸಿಕೊಂಡ ಸೇದಿದ್ರು. ಮತ್ತ ನಮಗ್ಯಾಕಪಾ ಈ ಕಟ್ಟುಪಾಡು?" ಇದಕ್ಕೆ ಉತ್ತರ ನೀವೇ ಬಂದು ಕೊಡಿ. ಈಗ ನಾಲ್ಕೈದು ಮನೆಗಳಿಂದ ಮತ್ತೆ ಆ ಕೂಗು ಕೇಳುತ್ತಿದೆ. ಹಾಗೆ ಕೂಗಿದಾಗಲೆಲ್ಲ ನಮ್ಮ ಹನುಮವ್ವ ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಓಡಿ, ಶಂಕ್ರವ್ವ ಎಲ್ಲಿದ್ದಾಳೆಂದು ನೋಡುತ್ತಾಳೆ. ಒಂದು ವರ್ಷ ಇಡೀ ಓಣಿ ಕಷ್ಟಪಟ್ಟು ಕಟ್ಟಿದ್ದನ್ನು ನೀವು ಕುರ್ಚಿ ಬಿಟ್ಟು ಏಳದೆಯೇ ಕೆಡವಿದಿರಿ. ಇಂಥ ಸಾಮರ್ಥ್ಯವನ್ನು ದಾರೂ ಅಂಗಡಿಗಳ ಮೇಲೆ ತೋರಿಸಿದ್ದರೆ ನಿಮಗೆ ಬಡ್ತಿ ಸಿಗುತ್ತಿತ್ತು.

ನಿಮ್ಮ ನೌಕರಿ ಹೋಗಲೆಂದು ನಾನು ಬರೆಯುತ್ತಿಲ್ಲ. ನಿಮಗೂ ಮಕ್ಕಳಿರಬಹುದು. ನಾವು ಬೇಡುವುದು ಇಷ್ಟು: ಬರುವ ಅಮಾವಾಸ್ಯೆಗೆ ಮಗ್ಗಗಳೆಲ್ಲ ನಿಂತಿರುತ್ತವೆ, ಓಣಿಯವರೆಲ್ಲ ಮನೆಯಲ್ಲಿರುತ್ತಾರೆ. ಅಂದು ನೀವು ನಮ್ಮ ಓಣಿಗೆ ಬರಬೇಕು. ಪರದೆ ಬೇಡ, ಭಾಷಣ ಬೇಡ, ಹಾರ ತುರಾಯಿ ನಾವು ತರುವುದಿಲ್ಲ. ತೋಟಪ್ಪಕಾಕಾನೂ ನನ್ನ ತಮ್ಮನೂ ಕೇಳುವಂತೆ, ನಾನು ಆ ಹುಡುಗಿಗೆ ಮಾಡಿಸಿದ್ದು ತಪ್ಪು ಎಂದು ನಿಮ್ಮ ಬಾಯಿಂದ ಶಂಕ್ರವ್ವನಿಗೆ ಹೇಳಬೇಕು. ನಾವು ಹೇಳಿದರೆ ಅವಳು ಕೇಳುತ್ತಿಲ್ಲ. ನೀವು ಬಹಳ ದೊಡ್ಡವರೆಂದು ಅವಳು ನಂಬಿದ್ದಾಳೆ.

ದಯಮಾಡಿ ತಡ ಮಾಡಬೇಡಿ. ನಿನ್ನೆ ನಾನು ಅವಳ ತಲೆ ಬಾಚುತ್ತಿದ್ದಾಗ ಕೇಳಿದಳು: "ಅತ್ತೀ, ಸಾಹೇಬ್ರು ಮತ್ತ ಯಾವಾಗ ಬರ್ತಾರ? ಅವರದು ಅಪ್ಪನ ಬೀಡಿಗತೆ ಘಾಟ ಇಲ್ಲ. ಸಿಹಿ ಐತಿ."

ಇಂತಿ,
ನಿಮ್ಮೆದುರು ಅಂದು ಬಾಯಿ ತೆರೆಯದೆ ಚಹಾ ಕುಡಿದ
ಸುಶೀಲವ್ವ
ನೇಕಾರ ಓಣಿ, ಗಜೇಂದ್ರಗಡ