ಬೈರಪ್ಪನ ಬ್ರಾಂಕೈಟಿಸ್

೧೦ ಜನವರಿ ೧೯೮೩, ಸೋಮವಾರ

ಕಾರ್ಮಿಕರ ವಿಮಾ ಡಿಸ್ಪೆನ್ಸರಿಯಲ್ಲಿ ಬೆಳಿಗ್ಗೆಯಿಂದ ಕ್ಯೂ. ಕೌಂಟರಿನಲ್ಲಿ ರೋಗಿಗಳ ಚೀಟಿ ಬರೆದು ಬರೆದು ನನ್ನ ಕೈ ಬಿದ್ದುಹೋಗಿದೆ. ಕೊನೆಯವನು ಬೈರಪ್ಪ — ಪೀಣ್ಯದ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವವನು, ಊರು ಮಾದನಾಯಕನಹಳ್ಳಿ. ಏನು ಕಾಯಿಲೆ ಅಂದೆ. ಏನೂ ಇಲ್ಲ ಅಂದ. ದಿನಕ್ಕೆ ಎರಡು ಕಟ್ಟು ಬೀಡಿ. ಆ ಹೊಗೆಗೆ ಮನೆಯಲ್ಲಿ ಕೂಸಿಗೆ ಗೂರಲು, ಉಸಿರೆಳೆದರೆ ಸುಯ್ಯೆನ್ನುತ್ತದಂತೆ.

"ಸಂಬ್ಳದಾಗೆ ಇನ್ಶೂರೆನ್ಸು ಅಂತ ಇಡ್ಕೊಂತಾರಲ್ಲಕ್ಕ, ಬೀಡಿ ಬುಡ್ಸೋಕೆ ಅದ್ರಾಗೆ ಏನೂ ಇಲ್ವಾ?"

ವಿಮೆಯ ಪಟ್ಟಿ ನೋಡಿದೆ. ಕ್ಷಯ ಇದೆ, ಹೆರಿಗೆ ಇದೆ, ಬೆರಳು ತುಂಡಾದರೂ ಇದೆ. ಇದಿಲ್ಲ. ಒಳಗೆ ಕರೆದೊಯ್ದೆ. ಡಾಕ್ಟರು ಪರೀಕ್ಷಿಸಿ, ಎದೆ ಸರಿಯಾಗೇ ಇದೆ ಅಂದರು. ಆದರೂ ಬೀಡಿ ಬಿಡಲು ಬಿಡುವು ಸಿಗಲೆಂದು, ಬ್ರಾಂಕೈಟಿಸ್ ಎಂಬ ಎದೆ ರೋಗ, ಏಳು ದಿನ ರಜೆ ಎಂದು ಬರೆದರು. ಸೀಲು ಒತ್ತಿದ್ದು ನಾನು. ಸುಳ್ಳೋ, ಚಿಕಿತ್ಸೆಯೋ...

೧೩ ಜನವರಿ

ಬೈರಪ್ಪ ದಿನಾ ಬರುತ್ತಾನೆ. ಔಷಧಿಗಲ್ಲ, ನಮ್ಮ ಜಗಲಿ ಬೆಂಚಿನ ಮೇಲೆ ಕೂರಲು. ಮನೆ ಅಂಗಳದಲ್ಲಿ ಅವನ ಅಪ್ಪ ಸೇದುತ್ತಾನೆ, ಟೀ ಅಂಗಡಿಯಲ್ಲಿ ಎಲ್ಲರೂ. ಇಲ್ಲಾದರೆ ಡಾಕ್ಟರ ಭಯ. ಇವತ್ತು ಮತ್ತೆಮತ್ತೆ ಖಾಲಿ ಜೇಬು ತಡಕುತ್ತಿದ್ದ. ಏನು ಕೊಡಬೇಕೋ ತಿಳಿಯಲಿಲ್ಲ. ನಾಳೆಯ ಹಬ್ಬಕ್ಕೆಂದು ತಂದಿದ್ದ ಎಳ್ಳು-ಬೆಲ್ಲ ಕೊಟ್ಟೆ. ಮಧ್ಯಾಹ್ನದವರೆಗೂ ಅಗಿಯುತ್ತಲೇ ಇದ್ದ.

೧೭ ಜನವರಿ

ಕೆಲಸಕ್ಕೆ ಹೋಗಬಹುದೆಂದು ಫಿಟ್ ಸರ್ಟಿಫಿಕೇಟ್ ಕೊಟ್ಟೆವು. ಏಳು ದಿನ, ಒಂದು ಬೀಡಿಯೂ ಇಲ್ಲ.

೨೧ ಫೆಬ್ರವರಿ

ಬೈರಪ್ಪ ಬಂದಿದ್ದ. ಫಿಟ್ ಸರ್ಟಿಫಿಕೇಟ್ ಇದ್ದರೂ, ಎದೆ ರೋಗ ಬಂದವನು ಕುಲುಮೆ ಹತ್ತಿರ ಬೇಡವೆಂದು ಫ್ಯಾಕ್ಟರಿಯವರು ಹೊರಗಿನ ಯಾರ್ಡಿಗೆ ಹಾಕಿದ್ದಾರೆ. ಗುಜರಿ ವಿಂಗಡಿಸುವ ಕೆಲಸ. ಓವರ್‌ಟೈಮ್ ಇಲ್ಲ.

"ಇಲ್ದಿರೋ ಕಾಯ್ಲೆ ಬರುದ್ರಿ. ಈಗ ಅದು ಇರ್ಲೇ ಇಲ್ಲ ಅಂತ ಬರ್ಕೊಡಿ."

ಬರೆದರೆ ಆ ರಜೆಯೇ ಸುಳ್ಳಾಗುತ್ತದೆ, ಡಾಕ್ಟರ ಕೆಲಸಕ್ಕೆ ಕುತ್ತು. ಬರೆಯದಿದ್ದರೆ ಇವನಿಗೆ. ಯಾವುದು ಸರಿಯೋ...

೨೪ ಫೆಬ್ರವರಿ

ಡಾಕ್ಟರು ಕಡೆಗೂ ಒಪ್ಪಿದರು. ಆದದ್ದಾಗಲಿ ಎಂದು, ನಡೆದದ್ದನ್ನು ನಡೆದ ಹಾಗೇ ಬರೆದರು. ಕಾಗದ ಕೊಡಹೋದರೆ ಬೈರಪ್ಪ ಕೈ ಚಾಚಲಿಲ್ಲ. ಹೆಂಡತಿ ಭದ್ರಮ್ಮ ಕೂಸನ್ನೆತ್ತಿಕೊಂಡು ಜೊತೆಗೆ ಬಂದಿದ್ದಳು. ಕುಲುಮೆಗೆ ಹೋದರೆ ಕೆಂಡ, ಕೆಂಡ ಕಂಡರೆ ಬೀಡಿ ಅನ್ನುತ್ತಾಳೆ. ಕೂಸಿನ ಗೂರಲು ನಿಂತಿದೆಯಂತೆ.

"ರೋಗ ಐತೆ ಅಂತ್ಲೇ ಇರ್ಲಿ ಬುಡಕ್ಕ," ಅಂದ ಬೈರಪ್ಪ, ನೆಲ ನೋಡಿಕೊಂಡು. ಹದಿನೈದು ವರ್ಷ ಕುಲುಮೆ ಕಾದವನು.

ಡಾಕ್ಟರು ಕಾಗದ ಹರಿದರು. ವಾಸಿ ಮಾಡಿದೆವೋ, ಹಾಳು ಮಾಡಿದೆವೋ — ನನಗಂತೂ ತಿಳಿಯದು.

೯ ಮಾರ್ಚ್, ಸಂಜೆ

ಅದೇ ಫೌಂಡ್ರಿಯಿಂದ ಮೂವರು ಬಂದಿದ್ದರು. ಮೂವರಿಗೂ ಬೀಡಿ ಬಿಡಬೇಕು. ಹಿರಿಯವನು ಹನುಮಯ್ಯ.

"ಬೈರಪ್ಪಂಗೆ ಕೊಟ್ರಲ್ಲ ಸಾರ್, ಆ ಕಾಯ್ಲೇನೇ ನಮ್ಗೂ ಕೊಡಿ."

ಯಾರ್ಡಿಗೆ ಹಾಕಿಬಿಡುತ್ತಾರೆ ಅಂದೆ. ಗೊತ್ತು ಅಂದರು.

ಡಾಕ್ಟರು ಪೆನ್ನು ಹಿಡಿದು ನನ್ನ ಕಡೆ ನೋಡಿದರು.

"ಏನಂತ ಬರೀಲಿ, ಸೀತಾ?"

ನಾನು ಅಂದೆ — "ಬ್ರಾಂಕೈಟಿಸ್ ಅಂತಲೇ ಬರೀರಿ ಡಾಕ್ಟರೇ, ಸೀಲು ನಾನು ಒತ್ತುತ್ತೇನೆ."