ಅಮ್ಮ ಮಾಡಿದ ಬೋಣಿ

ಶ್ರೀರಾಂಪುರ
17 ನವೆಂಬರ್ 2025, ಸೋಮವಾರ

ಪ್ರೀತಿಯ ಅಕ್ಕ,

ಫೋನಿನಲ್ಲೇ ಹೇಳಿಬಿಡೋಣ ಎಂದು ಮೂರು ಸಲ ಮಾಡಿದೆ. ಮೂರು ಸಲವೂ ನೀನು "ನನ್ನಿಂದಲೇ ಆಗಿದ್ದು ಕಣೇ ವಿನು" ಎಂದು ಅಳೋಕೆ ಶುರು ಮಾಡಿದೆ, ನಾನು ಫೋನ್ ಇಟ್ಟುಬಿಟ್ಟೆ. ಇಲ್ಲಿಂದ ಚಾಮರಾಜಪೇಟೆ ಎಷ್ಟು ದೂರ, ಕಾಗದ ಬರೆಯುವಷ್ಟು? ಆದರೆ ನಿನ್ನ ಮುಖ ನೋಡಿಕೊಂಡು ಇದನ್ನು ಹೇಳುವ ಧೈರ್ಯ ನನಗಿಲ್ಲ.

ಅಮ್ಮ ಬಚ್ಚಲಿನಲ್ಲಿ ಬೀಳಲಿಲ್ಲ ಅಕ್ಕ. ನೀನು ಆಸೆಪಟ್ಟು ಹಾಕಿಸಿಕೊಟ್ಟ ಟೈಲ್ಸ್ ಮೇಲೆ ಅವಳು ಒಂದು ದಿನವೂ ಜಾರಿಲ್ಲ. ಮೊನ್ನೆ ನಂದಕುಮಾರ್ ಭಾವ ಇಬ್ಬರು ಕೆಲಸದವರನ್ನು ಕರೆತಂದು ಅಷ್ಟೂ ಟೈಲ್ಸನ್ನು ಉಳಿಯಲ್ಲಿ ಒಡೆಸಿ ತೆಗೆಸುವಾಗ ನಾನು ಅಡುಗೆಮನೆಯಲ್ಲಿ ನಿಂತು ಅವರಿಗೆ ಕಾಫಿ ಬೆರೆಸುತ್ತಿದ್ದೆ. ಒಡೆಸಬೇಡಿ ಭಾವ ಎಂದು ತಡೆಯಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು. ಅಮ್ಮನ ಬೆನ್ನು ಹೋದದ್ದು ನನ್ನ ಕ್ಲಾಸಿನಲ್ಲಿ. ನನ್ನ ಕೈ ಅವಳ ಬೆನ್ನ ಮೇಲಿದ್ದಾಗಲೇ ಹೋಯಿತು.

ಮೊದಲಿನಿಂದ ಹೇಳುತ್ತೇನೆ. ಬಯ್ಯಬೇಡ. ಇಲ್ಲ, ಬಯ್ಯಿ, ಆದರೆ ಪೂರ್ತಿ ಓದಿ ಆಮೇಲೆ ಬಯ್ಯಿ.

ನಾನು ಟೀಚರ್ ಆದ ಕಥೆ ನಿನಗೆ ಗೊತ್ತಿಲ್ಲದ್ದೇನಲ್ಲ. ಮಲ್ಲೇಶ್ವರದಲ್ಲಿ ಮೈತ್ರೇಯಿ ಮೇಡಂ ಸ್ಟುಡಿಯೋದ ಬಾಗಿಲ ಹತ್ತಿರ ಎಂಟು ವರ್ಷ ಕೂತು ಬಂದವರ ಹೆಸರು ಬರೆದುಕೊಂಡೆ, ಬೆವರು ಹತ್ತಿದ ಮ್ಯಾಟ್ ಒರೆಸಿದೆ. ಈ ಪಿಲಾಟೆಸ್ ಅಂದರೆ ಏನೇ ಎಂದು ನೀನು ಕೇಳಿದಾಗ, ಯೋಗವೂ ಅಲ್ಲ, ಜಿಮ್ಮೂ ಅಲ್ಲ, ಮಲಗಿಕೊಂಡು ಉಸಿರಿನ ಜೊತೆಜೊತೆಗೆ ಹೊಟ್ಟೆ ಬೆನ್ನುಗಳನ್ನು ಒಳಗಿನಿಂದ ಗಟ್ಟಿ ಮಾಡಿಕೊಳ್ಳುವುದು ಎಂದಿದ್ದೆ. "ಮಲಗಿಕೊಂಡು ಸಂಬಳ ತಗೊಳ್ಳೋ ಕೆಲಸನಾ? ನಂಗೂ ಒಂದು ಕೊಡ್ಸೇ" ಎಂದು ನಕ್ಕಿದ್ದೆ ನೀನು. ಮೇಡಂ ಒಂದು ದಿನ "ನೋಡಿ ನೋಡಿ ನಿಂಗೇ ಎಲ್ಲಾ ಬರತ್ತಲ್ಲ ವಿನುತಾ, ನೀನೇ ಯಾಕೆ ಕಲೀಬಾರ್ದು?" ಅಂದರು. ಕೋರ್ಸ್ ಅಷ್ಟೂ ಇಂಗ್ಲಿಷಿನಲ್ಲಿ. ಎರಡು ಸಲ ಫೇಲಾದೆ. ಬೆನ್ನುಮೂಳೆಯ ಚಿತ್ರವನ್ನು ನಿಮ್ಮ ಮನೆ ಫ್ರಿಜ್ಜಿಗೆ ಅಂಟಿಸಿ, ಚಪಾತಿ ಲಟ್ಟಿಸುತ್ತಾ ನೀನು ಒಂದೊಂದೇ ಮೂಳೆಯ ಹೆಸರು ಕೇಳುತ್ತಿದ್ದೆ, ತಪ್ಪಿದರೆ ಲಟ್ಟಣಿಗೆ ತೋರಿಸುತ್ತಿದ್ದೆ. ಮೂರನೇ ಸಲಕ್ಕೆ ಪಾಸಾದಾಗ ಬೀದಿಗೆಲ್ಲ ಮೈಸೂರುಪಾಕು ಹಂಚಿದವಳೂ ನೀನೇ.

ಅಮ್ಮನಿಗೆ ಆ ವಿದ್ಯೆ ಏನೆಂದು ಇವತ್ತಿಗೂ ಅರ್ಥವಾಗಿಲ್ಲ. ಆದರೂ ಎಂಟನೇ ಕ್ರಾಸಿನಲ್ಲಿ ಸೊಪ್ಪಿನ ಕಟ್ಟು ಕೈಗಿಡುತ್ತಾ, "ನಮ್ ವಿನುತಾ ಸ್ವಂತ ಕ್ಲಾಸ್ ಮಾಡ್ತಾವಳೆ ಕಣಮ್ಮಾ, ಬೆನ್ನು ನೋವು ಗಿನ್ನು ನೋವು ಇದ್ರೆ ಹೋಗಿ" ಎಂದು ಸಿಕ್ಕವರಿಗೆಲ್ಲ ಹೇಳಿದ್ದಾಳೆ. ಹದಿನೈದನೇ ಕ್ರಾಸಿನಲ್ಲಿ ಟೈಲರ್ ಅಂಗಡಿಯ ಮೇಲಿನ ರೂಮು ಬಾಡಿಗೆಗೆ ಹಿಡಿದಾಗ ನನಗೆ ಸಿಕ್ಕಿದ್ದು ಮೂವರೇ ಮೂವರು ಹೆಂಗಸರು. ಮೂವರೂ ಅಮ್ಮನ ಹತ್ತಿರ ಸೊಪ್ಪು ತೆಗೆದುಕೊಳ್ಳುವವರು. ಮೈತ್ರೇಯಿ ಮೇಡಂ ಹೆಸರಿಗೆ ಒಬ್ಬರೂ ಬರಲಿಲ್ಲ.

ದೀಪಾವಳಿ ಕಳೆದ ಶುಕ್ರವಾರ, ಬೆಳಿಗ್ಗೆ ಏಳಕ್ಕೆ ಮೊದಲ ಕ್ಲಾಸು. ಆರೂವರೆಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಾಳೆ, ತಲೆಗೆ ಸ್ನಾನ ಮಾಡಿ, ಕನಕಾಂಬರ ಮುಡಿದುಕೊಂಡು. "ಬೋಣಿ ನಂದೇ" ಅಂದಳು. ಅವಳ ಕೈಗುಣ ನಿನಗೆ ಗೊತ್ತಲ್ಲ. ಅವಳು ಒಂದು ನಿಂಬೆಹಣ್ಣು ಕೊಂಡರೆ ಸಾಕು ಎಂದು ಸಾಲಿನವರೆಲ್ಲ ಬೆಳಿಗ್ಗೆ ಕಾಯುತ್ತಿದ್ದರು. ಬೋಣಿ ಗಿರಾಕಿಯನ್ನು ಬರಿಗೈಲಿ ಕಳಿಸಬಾರದು, ಎದುರು ಮಾತಾಡಬಾರದು, ಹತ್ತು ಪ್ರಶ್ನೆ ಕೇಳಬಾರದು. ನಾವಿಬ್ಬರೂ ಬುಟ್ಟಿಯ ಪಕ್ಕದಲ್ಲೇ ಬೆಳೆದವರು, ಇದು ನಮಗೆ ರಕ್ತದಲ್ಲೇ ಇದೆ.

ಆ ಮೂವರಿಗೂ ನಾನು ಫಾರಂ ಕೊಟ್ಟು ಬರೆಸಿಕೊಂಡೆ ಅಕ್ಕ. ವಯಸ್ಸೆಷ್ಟು, ಬಿಪಿ ಇದೆಯಾ, ಮೂಳೆ ಸವೆದಿದೆಯಾ, ಎಲ್ಲ. ಅಮ್ಮನಿಗೆ ಕೊಡಲಿಲ್ಲ. ಸ್ವಂತ ಅಮ್ಮನಿಗೆ ಯಾರಾದರೂ ಫಾರಂ ತುಂಬಿಸುತ್ತಾರಾ? ಅದೂ ಬೋಣಿಗೆ ಬಂದವಳಿಗೆ? ಅರವತ್ತು ದಾಟಿದವರನ್ನು ಮುಂದಕ್ಕೆ ಬಗ್ಗಿಸುವ ಮೊದಲು ಮೂಳೆಯ ವಿಷಯ ಕೇಳು, ಇದು ಮೇಡಂ ಹೇಳಿಕೊಟ್ಟ ಮೊದಲನೇ ಪಾಠ. ಎರಡು ವರ್ಷದಿಂದ ಅಮ್ಮ ಕುಳ್ಳಗಾಗುತ್ತಿದ್ದಾಳೆ, ಸೀರೆ ನೆಲಕ್ಕೆ ಎಳೆಯುತ್ತಿದೆ ಎಂದು ನಾವು ಆಡಿಕೊಂಡು ನಕ್ಕಿದ್ದೆವಲ್ಲ? ನೀನು ನಕ್ಕರೆ ಸರಿ. ನಾನು ಓದಿಕೊಂಡವಳು. ಬೆನ್ನಿನ ಮೂಳೆ ಕುಸಿದರೆ ಎತ್ತರ ಇಳಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು.

ಮಲಗಿ ಉಸಿರಾಡಿದರೆ ಸಾಕಮ್ಮ ಎಂದು ಹೇಳಿದೆ. ಕೇಳುತ್ತಾಳಾ ಅವಳು? "ಬರೀ ಉಸಿರು ಬಿಟ್ರೆ ಬೋಣಿ ಆಯ್ತದೇನೇ? ಅವ್ರಿಗೇನು ಮಾಡಿಸ್ತೀಯೋ ನಂಗೂ ಅದೇ ಮಾಡ್ಸು" ಅಂದಳು. ಆ ಮೂವರಲ್ಲಿ ಚೂಡಾಮಣಿ ಆಂಟಿ ಬೇರೆ, "ಮಾಡ್ಸಿ ವಿನುತಾ, ಮುನಿರತ್ನಮ್ಮ ನಮಗಿಂತ ಗಟ್ಟಿ ಇದಾರೆ" ಎಂದು ನಕ್ಕರು. ಮಲಗಿದ ಜಾಗದಿಂದ ಕೈ ಚಾಚಿ, ಮೂಳೆ ಮೂಳೆಯಾಗಿ ಎದ್ದು ಕಾಲ ಬೆರಳು ಮುಟ್ಟುವ ಒಂದು ವ್ಯಾಯಾಮ ಇದೆ. ಅಮ್ಮ ಅರ್ಧ ಎದ್ದು ಅಲ್ಲೇ ತಡೆದುಬಿಟ್ಟಳು. ನಾನು ಹಿಂದಿನಿಂದ ಅಂಗೈ ಕೊಟ್ಟು ಮುಂದಕ್ಕೆ ಒತ್ತಿದೆ. ಒಳಗೆ ಏನೋ ಚಟ್ ಎಂದದ್ದು ನನ್ನ ಕೈಗೆ ತಿಳಿಯಿತು. ಅಮ್ಮ ಕೂಗಲಿಲ್ಲ. ಕಾಲ ಬೆರಳು ಮುಟ್ಟಿ, "ಆಯ್ತು, ಬೋಣಿ ಆಯ್ತು" ಎಂದು ಮೆಲ್ಲಗೆ ಒರಗಿದಳು. ಮೂವರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ಹಾಗೇ ಮಲಗಿದ್ದಳು, ಸುಸ್ತಾಗಿ ನಿದ್ದೆ ಹತ್ತಿರಬೇಕು ಎಂದುಕೊಂಡು ನಾನು ಕ್ಲಾಸ್ ಮುಂದುವರಿಸಿದೆ.

ಕ್ಲಾಸ್ ಮುಗಿದು ಅವರೆಲ್ಲ ಹೋದ ಮೇಲೆ ಕೆಳಗಿನ ಟೈಲರ್ ಅಮರ್ ಮತ್ತು ನಾನು ಅವಳನ್ನು ಎತ್ತಿ ಆಟೋದಲ್ಲಿ ಕೂರಿಸಿದೆವು. ಆಟೋದಲ್ಲಿ ಅವಳು ನನ್ನ ಕೈ ಹಿಡಿದು, "ಬಚ್ಚಲಲ್ಲಿ ಜಾರ್ಬಿದ್ದೆ ಅನ್ನು. ಬೋಣಿ ದಿನಾನೇ ಹಿಂಗಾಯ್ತು ಅಂದ್ರೆ ನಿನ್ ಬಾಗಿಲಿಗೆ ಯಾವಳೂ ಬರಾಕಿಲ್ಲ" ಅಂದಳು. ಅಮ್ಮ ಎಷ್ಟು ಹೊತ್ತಿಗೆ ಬಿದ್ದರು ಎಂದು ಡಾಕ್ಟರು ಕೇಳಿದರು. ಎಂಟೂಕಾಲು ಅಂದೆ. ಮೂಳೆಗಳು ಹಪ್ಪಳದ ಹಾಗಾಗಿವೆ, ಒಂದು ಪೂರಾ ನಜ್ಜಾಗಿದೆ ಎಂದರು. ಆಮೇಲೆ ನಿನಗೆ ಫೋನ್ ಮಾಡಿ ಬಚ್ಚಲು ಅಂದೆ. ನೀನು "ಅಯ್ಯೋ, ಆ ಟೈಲ್ಸ್" ಎಂದು ಚೀರಿದಾಗಲೇ ನಾನು ನಿಜ ಹೇಳಬೇಕಿತ್ತು.

ಮೂರು ವಾರ ಮಲಗಿದರೆ ಕೂಡಿಕೊಳ್ಳಬಹುದು ಅಂದಿದ್ದರು. ಕೂಡಿಕೊಳ್ಳಲಿಲ್ಲ. ನಾಲ್ಕು ದಿನದಿಂದ ಎಡಗಾಲನ್ನು ಮುಟ್ಟಿದರೆ ಅವಳಿಗೆ ಗೊತ್ತಾಗುತ್ತಿಲ್ಲ. ಶುಕ್ರವಾರ ಆಪರೇಷನ್, ಅದಾದ ಮೇಲೂ ನಡೆಯುತ್ತಾಳೆ ಎಂದು ಯಾರೂ ಹೇಳುತ್ತಿಲ್ಲ. ರೂಮಿಗೆ ಬೀಗ ಹಾಕಿದ್ದೇನೆ. ಇನ್ನೊಬ್ಬರ ಬೆನ್ನ ಮೇಲೆ ಕೈ ಇಡಲು ನನಗಾಗುವುದಿಲ್ಲ ಅಕ್ಕ. ಮೊನ್ನೆ ಅಮ್ಮನಿಗೆ ಮಗ್ಗುಲು ಬದಲಿಸಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡು, ಪಕ್ಕದ ಮನೆಯ ರಂಗನಾಯಕಿಯವರನ್ನು ಕರೆಯಬೇಕಾಯಿತು.

ಮುಖ ತೋರಿಸಲಾರೆ ಎಂದು ನೀನು ಇಷ್ಟು ದಿನ ಈ ಕಡೆ ತಲೆ ಹಾಕಿಲ್ಲ. ಅಮ್ಮ ದಿನವೂ ಕೇಳುತ್ತಾಳೆ, "ಮಹಾನಂದ ಬರಲಿಲ್ವಾ?" ಎಂದು. ಅವಳ ಜೊತೆ ಸೇರಿ ಸುಳ್ಳು ಹೇಳಿ ನಿನ್ನನ್ನು ದೂರ ಮಾಡಿದವಳು ನಾನು. ಶುಕ್ರವಾರದೊಳಗೆ ಬಂದ್ಬಿಡು ಅಕ್ಕ. ನೀನು ಬಂದಾಗ ನಾನು ಮನೆಯಲ್ಲಿ ಇರುವುದಿಲ್ಲ, ಬೇಕಿದ್ದರೆ. ಇನ್ನು ಜೀವಮಾನವಿಡೀ ನನ್ನ ಜೊತೆ ಮಾತಾಡದಿದ್ದರೂ ಸರಿ. ಭಾವನಿಗೆ ಈ ಕಾಗದ ಓದಿ ಹೇಳು, ಅವರ ಮುಂದೆಯೂ ನೀನು ತಲೆ ತಗ್ಗಿಸಬಾರದು.

ತಂಗಿ ಎಂದು ಬರೆಯಲು ಕೈ ಬರುತ್ತಿಲ್ಲ,
ವಿನುತಾ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಮ್ಮ ನಿದ್ದೆ ಮಾಡಿರಲಿಲ್ಲ. ನಾನು ಪಕ್ಕದಲ್ಲಿ ಬಗ್ಗಿದಾಗ ಅವಳು ಬೇರೆಯವರಿಗೆ ಕೇಳದ ಹಾಗೆ, "ವಿನೂ, ಎದ್ದೇಳಾಕ್ ಆಗ್ತಿಲ್ಲ ಕಣೇ" ಅಂದಳು. "ಒಂಚೂರು ಇರಮ್ಮ, ಕ್ಲಾಸ್ ಮುಗೀಲಿ" ಅಂದೆ. ಆಗ ಏಳೂ ಇಪ್ಪತ್ತು. ಎಂಟು ಗಂಟೆಯವರೆಗೆ ಆ ಮೂವರ ಜೊತೆ ನಗುತ್ತಾ ಪಾಠ ಮಾಡಿದೆ. ಅಮ್ಮ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು. ಇದನ್ನು ಅವಳು ಈವರೆಗೆ ಯಾರಿಗೂ ಹೇಳಿಲ್ಲ, ನನಗೂ ಒಂದು ಮಾತು ಅಂದಿಲ್ಲ.